ಹಡಗಿನ ಹಿತ್ತಿಲು

ಹರಿಗೋಲಿಗೆ ಹಿಂದು ಮುಂದು ಎಂಬುದಿಲ್ಲ. ಬಿದಿರಿನಿಂದ ಅಗಲವಾದ ಬುಟ್ಟಿಯನ್ನು ಹೆಣೆದು, ಅದರ ಹೊರಮೈಗೆ ತೊಗಲನ್ನು ಹೊದಿಸಿ ನೀರಿಗೆ ಬಿಟ್ಟರೆ ಅದೇ ಹರಿಗೋಲು. ಅಂಬಿಗನು ಎತ್ತ ನಿಂತು ಹುಟ್ಟು ಹಾಕುವನೋ ಅದೇ ಆ ಗಳಿಗೆಯ ಮುಂಬದಿ. ಮರುಗಳಿಗೆಯಲ್ಲಿ ಸೆಳವು ಅದನ್ನು ಗಿರ್ರನೆ ತಿರುಗಿಸಿದರೆ ಮುಂದಿದ್ದವನು ಹಿಂದಾಗುತ್ತಾನೆ, ಹಿಂದಿದ್ದವನು ಮುಂದಾಗುತ್ತಾನೆ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ಇದನ್ನು ನೋಡಿ ಸೋಜಿಗಪಟ್ಟು ಬರೆದಿಟ್ಟಿದ್ದಾನೆ. ಹದಿನೈದು ಇಪ್ಪತ್ತು ಜನ ಕೂಡಬಹುದಾದ ದುಂಡು ದೋಣಿಗಳಿವು, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ, ಆದರೆ ನೆಟ್ಟಗೆ ಸಾಗಲಾರವು, ಸುತ್ತುತ್ತಲೇ ಇರುತ್ತವೆ ಎಂಬುದು ಅವನ ಮಾತಿನ ತಾತ್ಪರ್ಯ. ಕಡಲನ್ನು ಗೆದ್ದು ಬಂದ ಜನಾಂಗದವನಿಗೆ ಹಿಂದುಮುಂದಿಲ್ಲದ ನಾವೆಯೊಂದು ವಿಚಿತ್ರವಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಕೃಷ್ಣೆ ತುಂಗಭದ್ರೆಗಳ ನಡುವಣ ನಮ್ಮ ಎಡೆದೊರೆ ನಾಡಿನವರಿಗಾದರೋ ಬಹುಕಾಲ ಅದೊಂದೇ ನಾವೆ. ಲಿಂಗಸುಗೂರಿನ ಬಡಗಣ ಕೃಷ್ಣೆಯ ನಡುಗಡ್ಡೆಗಳ ಜನ, ಜಲದುರ್ಗದ ಕಡೆಯವರು, ಸಿಂಧನೂರಿನ ತೆಂಕಣ ದಂಡೆಯಿಂದ ಸಿರುಗುಪ್ಪದ ಸಂತೆಗೆ ಹೋಗುವವರು, ಎಲ್ಲರೂ ಅದರೊಳಗೆ ಕುಕ್ಕರುಗಾಲಿನಲ್ಲಿ ಕುಳಿತು ಹೊಳೆ ದಾಟಿದವರೇ. ಒಳ್ಳೆಯ ಜಾಗ, ಕೆಟ್ಟ ಜಾಗ ಎಂಬ ಭೇದ ಅದರಲ್ಲಿಲ್ಲ. ಎಲ್ಲರ ಕಾಲಿಗೂ ಅದೇ ನೀರು.

ಇಂಥ ನಾಡಿನಿಂದ ಈಚೆಗೆ ನನಗೊಂದು ಪ್ರಶ್ನೆ ಬಂದಿತು. ಸಿಂಧನೂರಿನಲ್ಲಿ ಭತ್ತದ ವ್ಯಾಪಾರ ಮಾಡುವ ನನ್ನ ಸೋದರಳಿಯ, ತನ್ನ ತಾಯಿಯನ್ನು, ಎಂದರೆ ನನ್ನ ಅಕ್ಕನನ್ನು, ಮುಂಬಯಿಯಿಂದ ದಕ್ಷಿಣಕ್ಕೆ ಹೋಗಿಬರುವ ವಿಹಾರದ ಹಡಗಿನಲ್ಲಿ ಕರೆದೊಯ್ಯಬೇಕೆಂದಿದ್ದಾನೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದ ಊರು ಅದು. ಎರಡು ತಲೆಮಾರಿನಲ್ಲಿ ಹರಿಗೋಲಿನಿಂದ ವಿಹಾರದ ಹಡಗಿಗೆ ಏರಿದ್ದರೆ ಅದು ಆ ಕಾಲುವೆಯ ಪುಣ್ಯ. "ಮಾವ, ಹಿಂದಿನ ಖೋಲಿ ಹಿಡಿಲೇನು, ನಡುವಿಂದು ಹಿಡಿಲೇನು? ಹಿಂದಿಂದಕ್ಕ ಬಾಲ್ಕನಿ ದೊಡ್ಡದದ, ಖರೇ, ರೊಕ್ಕಾನೂ ಹೆಚ್ಚದ" ಎಂದು ಅವನು ಕೇಳಿದ. ಇತಿಹಾಸ ಓದಿದವನನ್ನು ಇಂಥದನ್ನು ಕೇಳಬಾರದು. ಅವನಿಗೆ ಬೇಕಾದದ್ದು ಒಂದು ಮಾತಿನ ಉತ್ತರ. ನನಗೆ ನೆನಪಾದದ್ದು ಆರು ನೂರು ವರ್ಷಗಳ ಕಥೆ.

ಮನೆಗೆ ಮೊಗಸಾಲೆ ಇರುತ್ತದೆ, ಹಿತ್ತಿಲೂ ಇರುತ್ತದೆ. ಬಂದವರನ್ನು ಕೂರಿಸುವುದು ಮೊಗಸಾಲೆಯಲ್ಲಿ. ಮುಸುರೆ ತಿಕ್ಕುವುದು, ಸೌದೆ ಒಟ್ಟುವುದು ಹಿತ್ತಿಲಲ್ಲಿ. ಎತ್ತಿನ ಗಾಡಿಯಲ್ಲಿಯೂ ಮುಂದೆ ಕೂರುವವನೇ ಯಜಮಾನ. ಹಾಗಿರುವಾಗ ಹಡಗಿನಲ್ಲಿ ಹಿಂಬದಿಯೇ ಏಕೆ ಬೆಲೆಯುಳ್ಳದ್ದಾಯಿತು? ಅಲ್ಲಿಯೂ ಅದು ಸದಾ ಹಾಗೆ ಇರಲಿಲ್ಲ ಎಂಬುದೇ ಈ ಕಥೆಯ ಸ್ವಾರಸ್ಯ. ಅರಸುತನದಿಂದ ಹಿತ್ತಿಲಿಗೆ ಇಳಿದು, ಮತ್ತೆ ಮೊಗಸಾಲೆಯಾಗಿ ಏರಿದ ಜಾಗವದು.

ಹಡಗಿನ ಕೋಣೆಗಾಗಿ ಯೋಚನೆ ಮಾಡಿದ ಪ್ರಯಾಣಿಕರಲ್ಲಿ ಬಹಳ ಹಳಬನೊಬ್ಬನು ನಮ್ಮ ಪಡುವಣ ಕರಾವಳಿಯಲ್ಲಿಯೇ ಓಡಾಡಿದವನು. 1340ರ ದಶಕದಲ್ಲಿ ಇಬ್ನ್ ಬತೂತನು ದಿಲ್ಲಿಯ ಸುಲ್ತಾನನ ರಾಯಭಾರಿಯಾಗಿ ಚೀನಕ್ಕೆ ಹೊರಟು ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಹಾದು ಕಲ್ಲಿಕೋಟೆಗೆ ಬಂದ. ಅಲ್ಲಿ ಚೀನದ ದೊಡ್ಡ ಹಡಗುಗಳು ನಿಂತಿದ್ದವು. ಅವುಗಳಲ್ಲಿ ವರ್ತಕರಿಗಾಗಿ ಬಾಗಿಲು ಬೀಗಗಳುಳ್ಳ ಪ್ರತ್ಯೇಕ ಕೋಣೆಗಳಿದ್ದವು. ಪರಿವಾರದ ಹೆಂಗಸರು ಜೊತೆಯಲ್ಲಿದ್ದುದರಿಂದ ತನಗೊಂದು ಸ್ವಂತ ಕೋಣೆ ಬೇಕೆಂದು ಅವನು ಕೇಳಿದ. ಚೀನೀ ವರ್ತಕರು ಹೋಗುವುದಕ್ಕೂ ಬರುವುದಕ್ಕೂ ಎಲ್ಲವನ್ನೂ ಮೊದಲೇ ಹಿಡಿದಿಟ್ಟಿದ್ದಾರೆ ಎಂಬ ಉತ್ತರ ಬಂತು. ಹಡಗಿನ ಕಾರಭಾರಿಯ ಅಳಿಯನದೊಂದು ಕೋಣೆ ಇದೆ, ಅದನ್ನು ಕೊಡಬಹುದು, ಆದರೆ ಅದಕ್ಕೆ ಶೌಚದ ಅನುಕೂಲವಿಲ್ಲ ಎಂದರು. ಇಂದಿನ ಪ್ರಯಾಣಿಕರಿಗೆ ಈ ಸಂಭಾಷಣೆ ಹೊಸದಾಗಿ ತೋರಲಾರದು. ಕಡೆಗೆ ಅವನು ತನ್ನ ಜನರನ್ನೂ ಸಾಮಾನನ್ನೂ ಪಕ್ಕದ ಚಿಕ್ಕ ಹಡಗಿಗೆ ಸಾಗಿಸಿ, ತಾನು ಶುಕ್ರವಾರದ ಪ್ರಾರ್ಥನೆಗೆಂದು ದಡದಲ್ಲಿ ಉಳಿದ. ಆ ರಾತ್ರಿ ಎದ್ದ ಬಿರುಗಾಳಿಗೆ ದೊಡ್ಡ ಹಡಗು ಒಡೆದು ಅದರಲ್ಲಿದ್ದವರು ಸತ್ತರು. ಚಿಕ್ಕ ಹಡಗು ಅವನನ್ನು ಬಿಟ್ಟು ಹಾಯಿ ಬಿಚ್ಚಿ ಹೊರಟೇಹೋಯಿತು. ಎಲ್ಲವನ್ನೂ ಕಳೆದುಕೊಂಡ ಆ ಮನುಷ್ಯ ಮತ್ತೆ ಹೊನ್ನಾವರಕ್ಕೆ ಬಂದು ಅಲ್ಲಿಯ ಸುಲ್ತಾನನ ಆಶ್ರಯದಲ್ಲಿ ಕೆಲಕಾಲ ಇದ್ದ. ಕೋಣೆಯ ವಿಷಯದಲ್ಲಿ ಅವನು ಅಷ್ಟು ಹಟ ಮಾಡದೆ ಹೋಗಿದ್ದರೆ ಅವನ ಪ್ರವಾಸದ ಗ್ರಂಥವೇ ನಮಗೆ ದಕ್ಕುತ್ತಿರಲಿಲ್ಲವೇನೋ.

ಇನ್ನು ಐರೋಪ್ಯರ ಹಾಯಿಹಡಗುಗಳಿಗೆ ಬರೋಣ. ಅಲ್ಲಿ ಹಿಂಬದಿಯೇ ಅರಮನೆ. ಇದಕ್ಕೆ ಕಾರಣ ಆಡಂಬರವಲ್ಲ, ಗಾಳಿ. ಹಾಯಿಹಡಗು ಸಾಮಾನ್ಯವಾಗಿ ಗಾಳಿಯನ್ನು ಬೆನ್ನಿಗೋ ಓರೆಯಾಗಿ ಬಗಲಿಗೋ ಇಟ್ಟುಕೊಂಡು ಸಾಗುವಂಥದು. ಆದುದರಿಂದ ಹಿಂದೆ ಇರುವವನಿಗೆ ಮೊದಲು ಶುದ್ಧವಾದ ಗಾಳಿ; ಅಡುಗೆಯ ಹೊಗೆ, ಕುರಿ ಕೋಳಿಗಳ ನಾತ, ನೂರಾರು ನಾವಿಕರ ಬೆವರು ಎಲ್ಲವೂ ಮುಂದಕ್ಕೆ ಹೋಗುತ್ತಿದ್ದವು. ನಾವಿಕರ ಬಹಿರ್ದೆಸೆಯ ಜಾಗ ಹಡಗಿನ ಮೂತಿಯಲ್ಲಿ ಇದ್ದುದೂ ಇದರಿಂದಲೇ. ಚುಕ್ಕಾಣಿ ಇರುವುದು ಹಿಂದೆ, ದಿಕ್ಕನ್ನು ನೋಡುವ ಯಂತ್ರ ಹಿಂದೆ, ಮೇಲಿನ ಹಾಯಿಗಳೆಲ್ಲ ಒಂದೇ ನೋಟಕ್ಕೆ ಕಾಣುವುದೂ ಹಿಂದಿನಿಂದಲೇ. ಹೀಗಾಗಿ ಒಡೆಯನಾದವನು ಹಿಂದೆ ಇರಲೇಬೇಕಾಯಿತು. ಒಡೆಯನು ಇದ್ದ ಮೇಲೆ ಕಿಟಕಿಗಳ ಸಾಲು, ಕೆತ್ತನೆ, ಚಿನ್ನದ ಬಣ್ಣ, ಹೊರಗೆ ಚಾಚಿದ ಮೊಗಸಾಲೆ ತಾವಾಗಿ ಬಂದವು. ಇಂಗ್ಲೆಂಡಿನ ಪ್ರಸಿದ್ಧ ಯುದ್ಧನೌಕೆ 'ವಿಕ್ಟರಿ' 1765ರಲ್ಲಿ ನೀರಿಗಿಳಿದಾಗ ಅದರ ಬೆನ್ನಿಗೆ ತೆರೆದ ಮೊಗಸಾಲೆಗಳಿದ್ದವು. 1800ರಿಂದ 1803ರವರೆಗೆ ನಡೆದ ದೊಡ್ಡ ದುರಸ್ತಿಯಲ್ಲಿ ಅವನ್ನು ತೆಗೆದು ಹಿಂಬದಿಯನ್ನು ಮುಚ್ಚಿದರು. ಇಂದು ಪೋರ್ಟ್ಸ್‌ಮತ್ತಿನಲ್ಲಿ ಜನ ನೋಡುವುದು ಬಾಲ್ಕನಿಯಿಲ್ಲದ ಆ ರೂಪವನ್ನು. ಬಾಲ್ಕನಿ ಎಂಬುದು ಈ ಕಾಲದ ವಿಹಾರಿಗಳ ಶೋಕಿ ಎಂದು ತಿಳಿದವರು ಇದನ್ನು ನೆನೆಯಬೇಕು.

ನಮ್ಮ ಕಾಡಿಗೂ ಆ ಕಿಟಕಿಗಳಿಗೂ ನಂಟಿದೆ. ಓಕ್ ಮರಕ್ಕೆ ಬರ ಬಂದಾಗ ಇಂಗ್ಲಿಷರ ಕಣ್ಣು ಬಿದ್ದದ್ದು ಮಲಬಾರು ಮತ್ತು ಕನ್ನಡ ಜಿಲ್ಲೆಯ ತೇಗದ ಮೇಲೆ. 1806ರಲ್ಲಿ ಕ್ಯಾಪ್ಟನ್ ವ್ಯಾಟ್ಸನ್ ಎಂಬವನನ್ನು ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿದ್ದು ಮರಗಳ ಮೇಲಿನ ಮರುಕದಿಂದಲ್ಲ, ಹಡಗುಗಳಿಗೆ ಮರ ಒದಗಿಸಲು. ಮುಂಬಯಿಯ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೊಮಲಿ' ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ನೀರಿನ ಮೇಲಿದೆ. ಅದರ ಹಿಂಬದಿಯ ಕಪ್ತಾನನ ಕೋಣೆಗೂ ಕಿಟಕಿಗಳ ಸಾಲುಂಟು.

ಈಸ್ಟ್ ಇಂಡಿಯಾ ಕಂಪೆನಿಯ ಹಡಗುಗಳಲ್ಲಿ ಈ ಹಿಂಬದಿ ಬಾಡಿಗೆಯ ವಸ್ತುವಾಯಿತು. ಇಂಗ್ಲೆಂಡಿನಿಂದ ಆಫ್ರಿಕಾದ ತುದಿಯನ್ನು ಸುತ್ತಿ ಇಲ್ಲಿಗೆ ಬರಲು ಐದಾರು ತಿಂಗಳು ಬೇಕು. ಅಷ್ಟು ಕಾಲ ಇರುವ ಜಾಗವನ್ನು ಪ್ರಯಾಣಿಕನು ಕಪ್ತಾನನಿಂದ ಚೌಕಾಶಿ ಮಾಡಿ ಕೊಳ್ಳಬೇಕು. ಕೊಂಡದ್ದು ಬರಿಯ ನೆಲ; ಮಂಚ, ಮೇಜು, ಮುಖ ತೊಳೆಯುವ ಬೋಗುಣಿ, ದೀಪ ಎಲ್ಲವನ್ನೂ ತಾನೇ ತಂದು, ಹಡಗು ಹೊಯ್ದಾಡಿದಾಗ ಉರುಳದಂತೆ ನೆಲಕ್ಕೆ ಬಿಗಿಯಬೇಕು. ನಡುವಣ ಗೋಡೆಗಳೋ, ಬಹಳ ಕಡೆ ದಪ್ಪ ಬಟ್ಟೆಯ ತೆರೆಗಳು. ಹಿಂಬದಿಯಲ್ಲಿ ಎರಡು ಅಂತಸ್ತು: ಮೇಲಿನದನ್ನು 'ರೌಂಡ್ ಹೌಸ್' ಎನ್ನುತ್ತಿದ್ದರು, ಕೆಳಗಿನದನ್ನು 'ಗ್ರೇಟ್ ಕ್ಯಾಬಿನ್'. ಮೇಲಿನದು ಹೆಚ್ಚಾಗಿ ಹೆಂಗಸರಿಗೆ, ದುಡ್ಡುಳ್ಳವರಿಗೆ. ಗಾಳಿ ಬೆಳಕು ಅಲ್ಲಿ ಧಾರಾಳ. ಆದರೆ ನೆತ್ತಿಯ ಮೇಲೆ ನಾವಿಕರ ಓಡಾಟ, ಹಗ್ಗ ಎಳೆಯುವ ಸದ್ದು, ಕೋಳಿಗೂಡುಗಳ ಗದ್ದಲ. ಕೆಳಗಿನದು ಶಾಂತ, ಆದರೆ ಕಡಲು ಕೆರಳಿದರೆ ಕಿಟಕಿಗಳಿಗೆ ಹಲಗೆಯ ಮುಚ್ಚಳಗಳನ್ನು ಜಡಿದುಬಿಡುತ್ತಿದ್ದರು, ಹಗಲಲ್ಲೇ ಕತ್ತಲೆ. ಕ್ಯಾಪ್ಟನ್ ಥಾಮಸ್ ವಿಲಿಯಮ್‌ಸನ್ ಎಂಬವನು 1810ರಲ್ಲಿ ಹಿಂದೂಸ್ಥಾನಕ್ಕೆ ಬರುವ ಹೊಸಬರಿಗೆಂದೇ ಕೈಪಿಡಿಯೊಂದನ್ನು ಪ್ರಕಟಿಸಿದ. ಯಾವ ಕೋಣೆ ಹಿಡಿಯಲಿ ಎಂಬ ನನ್ನ ಸೋದರಳಿಯನ ಪ್ರಶ್ನೆ ಆಗಲೇ ಪುಸ್ತಕದ ವಿಷಯವಾಗಿತ್ತು.

ಆ ಹಾದಿಯಲ್ಲಿ ಬಂದವನೊಬ್ಬನ ಹೆಸರು ನಮ್ಮ ಸೀಮೆಗೆ ಚೆನ್ನಾಗಿ ಗೊತ್ತು. ಮೆಡೋಸ್ ಟೇಲರ್ 1824ರಲ್ಲಿ ಮುಂಬಯಿಯ ವರ್ತಕನೊಬ್ಬನ ಕೈಕೆಳಗೆ ಕೆಲಸಕ್ಕೆಂದು ಹಡಗು ಹತ್ತಿದಾಗ ಅವನಿಗೆ ಇನ್ನೂ ಹದಿನಾರು ತುಂಬಿರಲಿಲ್ಲ. ಮುಂದೆ ನಿಜಾಮನ ಸೈನ್ಯವನ್ನು ಸೇರಿ, ಸುರಪುರದ ಎಳೆಯ ನಾಯಕ ವೆಂಕಟಪ್ಪನ ಪರವಾಗಿ ಆ ಸಂಸ್ಥಾನವನ್ನು ನೋಡಿಕೊಂಡು, ಆ ಹುಡುಗನಿಂದ 'ಅಪ್ಪಾ' ಎನಿಸಿಕೊಂಡ. 1858ರಲ್ಲಿ ಅದೇ ನಾಯಕನ ಮೇಲೆ ನಡೆದುಹೋದ ದಂಡು ಲಿಂಗಸುಗೂರಿನ ಠಾಣ್ಯದಿಂದ ಹೊರಟದ್ದು. 1860ರಲ್ಲಿ, ಮೈಯಲ್ಲಿ ಬಲವಿಲ್ಲದೆ, ಟೇಲರ್ ಈ ದೇಶವನ್ನು ಬಿಟ್ಟ. ಅವನು ಬಂದದ್ದು ಹಾಯಿಯ ಕಾಲದಲ್ಲಿ, ಹೋದದ್ದು ಉಗಿಯ ಕಾಲದಲ್ಲಿ. ಆ ಮೂವತ್ತಾರು ವರ್ಷಗಳಲ್ಲಿ ಹಡಗಿನ ಒಳಗಿನ ಮೇಲುಕೀಳುಗಳೇ ಬದಲಾಗತೊಡಗಿದ್ದವು.

ಆದರೆ ಹಿಂಬದಿಯ ಅರಮನೆಗೆ ಒಂದು ಕೊನೆಯ ಚಿತ್ರ ಬೇಕು. 1786ರ ಜನವರಿಯಲ್ಲಿ 'ಹಾಲ್ಸ್‌ವೆಲ್' ಎಂಬ ಕಂಪೆನಿಯ ಹಡಗು ಹಿಂದೂಸ್ಥಾನಕ್ಕೆ ಹೊರಟು, ಇಂಗ್ಲೆಂಡಿನ ತೀರವನ್ನೇ ದಾಟಲಾರದೆ, ಹಿಮದ ಬಿರುಗಾಳಿಗೆ ಸಿಕ್ಕಿ, ಡಾರ್ಸೆಟ್ಟಿನ ಕಡಿದಾದ ಬಂಡೆಗಳಿಗೆ ಬಡಿಯಿತು. ಕಪ್ತಾನ್ ರಿಚರ್ಡ್ ಪಿಯರ್ಸನ ಇಬ್ಬರು ಹೆಣ್ಣುಮಕ್ಕಳೂ ಅದರಲ್ಲಿದ್ದರು. ಹೆಂಗಸರು, ಅಧಿಕಾರಿಗಳು, ಸಿಪಾಯಿಗಳು, ಕೈಗೆ ಸಿಕ್ಕಿದವರೆಲ್ಲ ಹಿಂಬದಿಯ ರೌಂಡ್ ಹೌಸಿನಲ್ಲಿ ಸೇರಿದರು; ಅದೇ ಎಲ್ಲಕ್ಕಿಂತ ಗಟ್ಟಿಯಾದ, ಎತ್ತರದ ಜಾಗ. ಮೇಣದ ಬತ್ತಿಗಳನ್ನು ಹಚ್ಚಿ ಕುಳಿತರು. ಮಕ್ಕಳನ್ನು ಉಳಿಸುವ ದಾರಿಯೇನಾದರೂ ಇದೆಯೇ ಎಂದು ಕಪ್ತಾನ ತನ್ನ ಅಧಿಕಾರಿಯನ್ನು ಕೇಳಿದ. ಬೆಳಗಿನವರೆಗೆ ಕಾಯದೆ ಗತಿಯಿಲ್ಲ ಎಂದು ಅವನು ಹೇಳಿದಾಗ, ಹಾಗಾದರೆ ನಾವು ಒಟ್ಟಿಗೇ ಹೋಗುವೆವು ಎಂಬಂತೆ ಮಕ್ಕಳ ನಡುವೆ ಕುಳಿತುಬಿಟ್ಟ. ಬೆಳಕಾಗುವ ಮೊದಲೇ ಹಡಗು ಒಡೆದು ಹೋಯಿತು. ಸುಮಾರು 240 ಮಂದಿಯಲ್ಲಿ ಬಂಡೆಗಳಿಗೆ ಅಂಟಿಕೊಂಡು ಬದುಕಿ ಉಳಿದವರು 74. ಹೆಚ್ಚು ಹಣ ಕೊಟ್ಟು ಹಿಡಿದ ಕೋಣೆಗೆ ಕಡಲು ಹೆಚ್ಚು ಗೌರವ ಕೊಡುವುದಿಲ್ಲ.

ಉಗಿಹಡಗು ಬಂದಿತು. ಆಗ ಬಂದ ಮೊದಲ ಅತಿಥಿ ಕಲ್ಲಿದ್ದಲು. 1830ರಲ್ಲಿ ಮುಂಬಯಿಯಿಂದ ಸುಯೆಜ್‌ವರೆಗೆ ಹೋದ 'ಹ್ಯೂ ಲಿಂಡ್ಸೆ' ಎಂಬ ಪುಟ್ಟ ಉಗಿಹಡಗಿನಲ್ಲಿ ಪ್ರಯಾಣಿಕರ ಕೋಣೆಗಳಿಗೂ ಕಲ್ಲಿದ್ದಲನ್ನೇ ತುಂಬಬೇಕಾಯಿತಂತೆ. ಮೊದಮೊದಲು ಗಾಲಿಗಳು ಹಡಗಿನ ಎರಡು ಬಗಲಿಗೆ ಇದ್ದವು. ಹಿಂಬದಿಯ ಗೌರವಕ್ಕೆ ಅಷ್ಟಾಗಿ ಕುಂದು ಬರಲಿಲ್ಲ. ಯಾವಾಗ ನೀರಿನೊಳಗೆ ತಿರುಗುವ ಪಂಖವನ್ನು ಹಡಗಿನ ಬಾಲಕ್ಕೆ ಕೂಡಿಸಿದರೋ ಆಗ ಹಿಂಬದಿಯ ಭಾಗ್ಯ ಮುಳುಗಿತು. ಹಗಲಿರುಳೂ ನಡುಕ, ಗುಡುಗು, ಜೊತೆಗೆ ಹೊಗೆಕೊಳವೆಯ ಮಸಿ. ಗಾಳಿಯ ಲೆಕ್ಕವೂ ತಿರುವುಮುರುವಾಯಿತು. ಹಡಗು ಈಗ ಗಾಳಿಯನ್ನು ನೆಚ್ಚಿಕೊಂಡಿಲ್ಲ, ಅದನ್ನು ಸೀಳಿಕೊಂಡು ಹೋಗುತ್ತದೆ. ಆದುದರಿಂದ ಮುಂದಿನ ನಾತವೆಲ್ಲ ಹಿಂದಕ್ಕೆ ಬರತೊಡಗಿತು. 1871ರಲ್ಲಿ ವೈಟ್ ಸ್ಟಾರ್ ಕಂಪೆನಿಯವರು 'ಓಷಿಯಾನಿಕ್' ಎಂಬ ಹಡಗಿನಲ್ಲಿ ಮೊದಲ ದರ್ಜೆಯವರನ್ನು ಹಿಂಬದಿಯಿಂದ ಎತ್ತಿ ನಟ್ಟನಡುವೆ ತಂದು ಕೂರಿಸಿದರು. ತೂಗುಮಂಚದ ನಡುವೆ ಕುಳಿತವನಿಗೆ ಓಲಾಟ ಕಡಮೆ ಎಂಬುದನ್ನು ನಮ್ಮ ಮಕ್ಕಳೂ ಬಲ್ಲರು, ಹಡಗೂ ಅಷ್ಟೆ. ಮಿಕ್ಕ ಕಂಪೆನಿಗಳೂ ಅದೇ ದಾರಿ ಹಿಡಿದವು.

ಬಿಟ್ಟುಹೋದ ಹಿಂಬದಿಗೆ ಯಾರು ಬಂದರು? ಬಡವರು. ಅತಿ ಕಡಮೆ ದರದ ಪ್ರಯಾಣಕ್ಕೆ 'ಸ್ಟಿಯರೇಜ್' ಎಂಬ ಹೆಸರು ಬಂದದ್ದೇ ಚುಕ್ಕಾಣಿಯ ಯಂತ್ರದ ನೆರೆಯಿಂದ. 1912ರಲ್ಲಿ ಮುಳುಗಿದ 'ಟೈಟಾನಿಕ್' ಹಡಗಿನಲ್ಲಿ ಮೂರನೆಯ ದರ್ಜೆಯವರಿಗೆ ಗಾಳಿ ಸೇವನೆಗೆಂದು ಬಿಟ್ಟಿದ್ದ ಜಾಗ ಹಿಂದಿನ ತುದಿಯಲ್ಲಿತ್ತು. ಅದು ಐರ್ಲೆಂಡಿನ ಕೊನೆಯ ಬಂದರನ್ನು ಬಿಟ್ಟು ಹೊರಟಾಗ ಒಬ್ಬ ಐರಿಷ್ ಯುವಕ ಅಲ್ಲಿ ನಿಂತು ತನ್ನ ನಾಡಿನ ಶೋಕದ ರಾಗವೊಂದನ್ನು ಊದಿದನೆಂದು ಉಳಿದವರು ಹೇಳಿದ್ದಾರೆ. ಮೊದಲ ದರ್ಜೆಯವರಿಗೆ ನಡುವಿನಲ್ಲಿ ಸುಖವಿತ್ತು. ಬಿಟ್ಟುಬಂದ ನೆಲ ಮರೆಯಾಗುವುದನ್ನು ನೋಡುವ ಹಕ್ಕು ಮಾತ್ರ ಬಡವರ ಪಾಲಿಗೆ ಬಂದಿತ್ತು.

ಇನ್ನೊಂದು ಕಥೆಯನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ, ಅದು ಸುಳ್ಳಾದರೂ ಸರಿಯೆ. ಸುಯೆಜ್ ಕಾಲುವೆ 1869ರಲ್ಲಿ ತೆರೆದ ಮೇಲೆ ಕೆಂಪು ಸಮುದ್ರದ ಬೇಗೆಯಲ್ಲಿ ನೆರಳಿನ ಮಗ್ಗುಲನ್ನು ಹಿಡಿಯುವುದೇ ಜಾಣತನವಾಯಿತು. ಇಂಗ್ಲೆಂಡಿನಿಂದ ಬರುವಾಗ ಎಡಮಗ್ಗುಲು, ಹೋಗುವಾಗ ಬಲಮಗ್ಗುಲು. ಈ ನಾಲ್ಕು ಶಬ್ದಗಳ ಮೊದಲ ಅಕ್ಷರಗಳಿಂದ ಇಂಗ್ಲಿಷಿನ 'ಪಾಶ್' ಎಂಬ ಮಾತು ಹುಟ್ಟಿತೆಂದು ಹೇಳುತ್ತಾರೆ. ಹಾಗೆ ಮುದ್ರೆಯೊತ್ತಿದ ಒಂದು ಟಿಕೀಟನ್ನೂ ಯಾರೂ ತೋರಿಸಿಲ್ಲ, ನಿಘಂಟುಕಾರರು ಇದನ್ನು ಒಪ್ಪುವುದಿಲ್ಲ. ಆದರೆ ಬಿಸಿಲಿನ ಲೆಕ್ಕ ಮಾತ್ರ ಸುಳ್ಳಲ್ಲ. ರಾಯಚೂರು ಸೀಮೆಯವನಿಗೆ ಅದನ್ನು ಬಿಡಿಸಿ ಹೇಳಬೇಕಾದ್ದಿಲ್ಲ.

ನಮ್ಮವರು ಹಡಗು ಹತ್ತಿದಾಗ ಆಯ್ಕೆಯ ಮಾತು ಬಹಳ ಸಲ ಬರಲೇ ಇಲ್ಲ. 1893ರಲ್ಲಿ ಗಾಂಧೀಜಿ ದಕ್ಷಿಣ ಆಫ್ರಿಕಾಕ್ಕೆ ಹೊರಟಾಗ ಮೊದಲ ದರ್ಜೆಯಲ್ಲಿ ಜಾಗವಿರಲಿಲ್ಲ. ಮೊಜಾಂಬಿಕದ ಗವರ್ನರ್ ಜನರಲ್ಲನೇ ಆ ಹಡಗಿನಲ್ಲಿ ಹೊರಟಿದ್ದ. ತೆರೆದ ಅಟ್ಟದ ಮೇಲೆ ಹೋಗಲು ಅವರು ಒಪ್ಪಲಿಲ್ಲ. ನೇರವಾಗಿ ಹಡಗಿಗೇ ಹೋಗಿ ಮುಖ್ಯಾಧಿಕಾರಿಯನ್ನು ಕೇಳಿದರು. ಅವನು ತನ್ನದೇ ಕೋಣೆಯಲ್ಲಿದ್ದ ಹೆಚ್ಚಿನ ಹಾಸಿಗೆಯೊಂದನ್ನು ಕೊಟ್ಟ. ಕೇಳುವ ಧೈರ್ಯವಿದ್ದವರಿಗೆ ಹೀಗೆ ಬಾಗಿಲು ತೆರೆಯುವುದುಂಟು. ವಿನಾಯಕ ಕೃಷ್ಣ ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಹೋದ ಯಾನ ಕನ್ನಡಕ್ಕೆ 'ಸಮುದ್ರಗೀತೆಗಳು' ಎಂಬ ಸಂಕಲನವನ್ನೇ ತಂದಿತು. ಆದರೆ ಸಾವಿರಾರು ಜನರಿಗೆ ಹಡಗೆಂದರೆ ಅಟ್ಟದ ಮೇಲೆ ಚಾಪೆ ಹಾಸುವಷ್ಟು ಜಾಗ.

ಅಂಥವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಸಿಂಧನೂರಿನ ಸುತ್ತ ಪುನರ್ವಸತಿ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿಗಳು ಅಲ್ಲಿ ನೆಲಸಿದರು. ಬರ್ಮಾದಿಂದ ಬಂದ ಕೆಲವು ಕುಟುಂಬಗಳೂ ಇವೆ. 1962ರಲ್ಲಿ ಸೇನೆ ಅಲ್ಲಿ ಅಧಿಕಾರವನ್ನು ಹಿಡಿದು, 1964ರಲ್ಲಿ ಅಂಗಡಿ ಮುಂಗಟ್ಟುಗಳನ್ನೆಲ್ಲ ರಾಷ್ಟ್ರದ ಸ್ವತ್ತೆಂದು ಸಾರಿದ ಮೇಲೆ, ತಲೆಮಾರುಗಳಿಂದ ಬಾಳಿದ್ದ ಭಾರತೀಯರು ಲಕ್ಷಗಟ್ಟಲೆ ಹೊರಬೀಳಬೇಕಾಯಿತು. ಹಣ ಒಡವೆಗಳಿಗೆ ಕಟ್ಟುನಿಟ್ಟಿನ ಮಿತಿ ಹಾಕಿ, ರಂಗೂನಿನಿಂದ ಮದ್ರಾಸಿಗೆ ಅವರನ್ನು ಹಡಗುಗಳಲ್ಲಿ ಸಾಗಿಸಿದರು. ಸಿಂಧನೂರಿಗೆ ಹೋದಾಗಲೆಲ್ಲ ನಾನು ಮಾತನಾಡಿಸುವ ಹಿರಿಯರೊಬ್ಬರು ಹಾಗೆ ಬಂದವರು. ಆಗ ಅವರಿಗೆ ಹತ್ತು ಹನ್ನೊಂದು ವರ್ಷ. ಅವರ ಕನ್ನಡದಲ್ಲಿ ತಮಿಳಿನ ಇಂಪಿದೆ. ಮನೆಯವರೆಲ್ಲ ಗಂಟುಮೂಟೆಗಳ ನಡುವೆ ಕುಳಿತಿದ್ದಾಗ ತಾವೊಬ್ಬರೇ ಹಡಗಿನ ಹಿಂದಿನ ಕಟಕಟೆಗೆ ಹೋಗಿ ನಿಂತರಂತೆ. ಹೊಳೆ ತಿರುಗಿದಂತೆಲ್ಲ ಶ್ವೇಡಗೋನ್ ಪಗೋಡದ ಚಿನ್ನದ ಶಿಖರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣುತ್ತಿತ್ತಂತೆ. "ಅಮ್ಮ ಮಾತ್ರ ಒಂದು ಸಲವೂ ತಿರುಗಿ ನೋಡಲಿಲ್ಲ, ನಾನೇ ಅವಳ ಪಾಲಿನದನ್ನೂ ನೋಡಿದೆ" ಎಂದರು. ಈಗ ಹಿಂಬದಿಯ ಕೋಣೆಗೆ ನಡುವಿನದಕ್ಕಿಂತ ದರ ಹೆಚ್ಚೆಂದು ನಾನು ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡು, ಅದೇಕೆ, ಅಲ್ಲಿ ನಡುಕ ನಿಂತಿದೆಯೇ ಎಂದು ಕೇಳಿದರು.

ನಿಂತಿಲ್ಲ, ಕಡಮೆಯಾಗಿದೆ. ಕಡಲನ್ನು ದಾಟುವ ಕೆಲಸವನ್ನು ವಿಮಾನಗಳು ಕಿತ್ತುಕೊಂಡ ಮೇಲೆ ಹಡಗಿಗೆ ಉಳಿದದ್ದು ಕಡಲನ್ನು ತೋರಿಸುವ ಕೆಲಸ. ಹೋಗಿ ಮುಟ್ಟುವುದು ಮುಖ್ಯವಾಗಿದ್ದಾಗ ಕೋಣೆಯೆಂಬುದು ಮಲಗುವ ಗೂಡು. ನೋಡುವುದೇ ಮುಖ್ಯವಾದಾಗ ಕಿಟಕಿ ಬಾಗಿಲಾಯಿತು, ಬಾಗಿಲಿನಾಚೆ ಬಾಲ್ಕನಿ ಬಂತು. 1984ರಲ್ಲಿ ಹೊರಟ 'ರಾಯಲ್ ಪ್ರಿನ್ಸೆಸ್' ಹಡಗಿನಲ್ಲಿ ಪ್ರಯಾಣಿಕರ ಕೋಣೆಗಳೆಲ್ಲ ಹೊರಮುಖವಾಗಿದ್ದವು, ಬಹಳಷ್ಟಕ್ಕೆ ಸ್ವಂತ ಬಾಲ್ಕನಿಗಳಿದ್ದವು. ಮುಂದೆ ಪಂಖವನ್ನೂ ಅದರ ವಿದ್ಯುತ್ ಯಂತ್ರವನ್ನೂ ಒಂದೇ ಗೂಡಿನಲ್ಲಿ ಸೇರಿಸಿ ಹಡಗಿನ ಅಡಿಗೆ ತೂಗುಬಿಡುವ ವಿಧಾನ ಬಂತು. ವಿಹಾರದ ಹಡಗುಗಳಲ್ಲಿ ಅದನ್ನು ಮೊದಲು ಅಳವಡಿಸಿಕೊಂಡದ್ದು 1998ರ 'ಎಲೇಷನ್'. ಹೀಗೆ ನಡುಕ ತಗ್ಗಿದಂತೆ, ನೂರು ವರ್ಷ ಹಿತ್ತಿಲಾಗಿದ್ದ ಜಾಗ ಮತ್ತೆ ಮೊಗಸಾಲೆಯಾಯಿತು.

ಈಗ ಸೋದರಳಿಯನಿಗೆ ಉತ್ತರ ಕೊಡಬೇಕು. ಹಿಂಬದಿಯ ಕೋಣೆಯ ಗುಣ ಇದು: ಮಗ್ಗುಲಿನ ಬಾಲ್ಕನಿಯಿಂದ ಕಡಲಿನ ಅರ್ಧ ಕಂಡರೆ ಇಲ್ಲಿಂದ ಎಡವೂ ಬಲವೂ ಹಿಂದೂ ಕಾಣುತ್ತವೆ. ಎದುರುಗಾಳಿ ಮುಖಕ್ಕೆ ಹೊಡೆಯುವುದಿಲ್ಲ; ಹಡಗಿನ ಮೈಯೇ ಮರೆ. ನೊರೆಯ ಬಿಳಿಯ ದಾರಿಯೊಂದು ಕಣ್ಣೆಟುಕುವವರೆಗೆ ಚಾಚಿಕೊಂಡಿರುತ್ತದೆ. ದೋಷಗಳೂ ಉಂಟು. ಕಡಲು ಎದ್ದಾಗ ಹಡಗಿನ ಎರಡು ತುದಿಗಳೇ ಹೆಚ್ಚು ಏರಿಳಿಯುವುದು. ಬೇಗ ತಲೆ ತಿರುಗುವವರು ನಡುವನ್ನೇ ಹಿಡಿಯಬೇಕು, ಅದೂ ಕೆಳಗಿನ ಅಂತಸ್ತಿನಲ್ಲಿ. ಬಂದರಿನಲ್ಲಿ ಹಡಗು ತಿರುಗುವಾಗ ಮಂಚ ಅಲುಗುತ್ತದೆ. ಹೊಗೆಕೊಳವೆಯ ಮಸಿ ಕೆಲವು ಸಲ ಕುರ್ಚಿಯ ಮೇಲೆ ಬೀಳುತ್ತದೆ. ಬಿಳಿಯ ಸೀರೆಯನ್ನು ಅಲ್ಲಿ ಒಣಹಾಕಬಾರದು. ಕೆಲವು ಹಡಗುಗಳ ಬೆನ್ನು ಮೆಟ್ಟಿಲಿನಂತೆ ಇಳಿಜಾರಾಗಿದ್ದು, ಮೇಲಿನ ಬಾಲ್ಕನಿಯವರಿಗೆ ಕೆಳಗಿನವರ ಚಹಾ ಲೋಟದೊಳಗೂ ಕಾಣುತ್ತದೆ. ಊಟದ ಸಾಲೆ ತಲೆಯ ಮೇಲೋ ಕೆಳಗೋ ಇದೆಯೇ ಎಂದು ನಕ್ಷೆಯಲ್ಲಿ ನೋಡಬೇಕು. ಇದ್ದರೆ ನಡುರಾತ್ರಿಯ ಕುರ್ಚಿ ಎಳೆತ ಕೋಳಿಗೂ‍ಡಿನ ಕಾಲವನ್ನು ನೆನಪಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಲಿಫ್ಟಿನಿಂದ ಕೋಣೆಗೆ ಎಷ್ಟು ನಡೆಯಬೇಕು ಎಂಬುದು. ಅಕ್ಕನ ಮೊಣಕಾಲು ಸರಿಯಿಲ್ಲ.

ಬಿಸಿಲಿನ ಲೆಕ್ಕವನ್ನೂ ಬರೆದೆ. ನಮ್ಮ ಕಡಲಿನಲ್ಲಿ ವಿಹಾರದ ಕಾಲ ಮಳೆಗಾಲ ಮುಗಿದ ಮೇಲೆ. ಚಳಿಗಾಲದಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ. ಹಡಗು ಮುಂಬಯಿಯಿಂದ ದಕ್ಷಿಣಕ್ಕೆ ಹೋಗುವಾಗ ಅದರ ಬೆನ್ನು ಉತ್ತರಕ್ಕೆ. ಬಾಲ್ಕನಿಗೆ ನಡುಹಗಲಲ್ಲೂ ನೆರಳು. ಮರಳಿ ಬರುವಾಗ ಬೆನ್ನು ದಕ್ಷಿಣಕ್ಕೆ; ಹಗಲೆಲ್ಲ ಬಿಸಿಲು. ಹೋಗುವಾಗ ಹಿಂಬದಿ, ಬರುವಾಗ ಬಲಮಗ್ಗುಲು ಎಂದು ಎರಡು ಕೋಣೆಗಳನ್ನು ಹಿಡಿಯಲು ಬರುವಂತಿಲ್ಲ, ಆದುದರಿಂದ ಅಕ್ಕನನ್ನೇ ಕೇಳು ಎಂದು ಮುಗಿಸಿದೆ.

ಅವಳನ್ನು ಕೇಳುವುದು ಸುಲಭವಲ್ಲವೆಂದು ನನಗೆ ಗೊತ್ತಿತ್ತು. ನಾವು ಚಿಕ್ಕವರಿದ್ದಾಗ ಶ್ರಾವಣದ ಕೆಂಪು ನೀರಿನಲ್ಲಿ ಹರಿಗೋಲು ಹತ್ತಿ ತುಂಗಭದ್ರೆಯನ್ನು ದಾಟುತ್ತಿದ್ದೆವು. ಎಲ್ಲರೂ ಆಚೆಯ ದಡ ಯಾವಾಗ ಬಂದೀತೆಂದು ನೋಡುತ್ತಿದ್ದರೆ, ಅವಳು ಬುಟ್ಟಿ ತಿರುಗಿದಂತೆಲ್ಲ ತಾನೂ ತಿರುಗಿ ತಿರುಗಿ, ನಾವು ಬಿಟ್ಟುಬಂದ ದಡದ ಬೇವಿನ ಮರವನ್ನೇ ಕಣ್ಣಿನಿಂದ ಹಿಡಿದುಕೊಂಡಿರುತ್ತಿದ್ದಳು. ಅಂಬಿಗ ನಗುತ್ತಿದ್ದ. ಮೊನ್ನೆ ಫೋನಿನಲ್ಲಿ ಅವಳೇ ಮಾತನಾಡಿದಳು. ಬಾಲ್ಕನಿ, ದರ, ನಡುಕ, ನೆರಳು ಯಾವುದನ್ನೂ ಕೇಳಲಿಲ್ಲ.

"ಹಿಂದ ಕುಂತರ ದಂಡಿ ಎಷ್ಟೊತ್ತನಕಾ ಕಾಣ್ತದೋ ತಮ್ಮಾ?"

ಸಂಜೆ ಹೊರಟರೆ ಮುಂಬಯಿಯ ದೀಪಗಳು ಒಂದೆರಡು ಗಂಟೆ ಕಾಣಬಹುದು ಎಂದೆ.

"ಹಂಗಾರ ಹಿಂದಿಂದ ಹಿಡೀ ಅಂತ ಹೇಳು. ಮುಂದಿನ ದಂಡಿ ಬಂದಾಗ ನೋಡಿದ್ರಾತು" ಎಂದಳು. ಆಮೇಲೆ ಮೊಣಕಾಲಿಗೆ ಹಚ್ಚುವ ಎಣ್ಣೆಯನ್ನು ಹಡಗಿನಲ್ಲಿ ಒಯ್ಯಲು ಬಿಡುತ್ತಾರೋ ಇಲ್ಲವೋ ವಿಚಾರಿಸಲು ಹೇಳಿ ಫೋನನ್ನು ಮಗನ ಕೈಗೆ ಕೊಟ್ಟಳು.